ಬಿಡುವಿರುವ ಶ್ರಮಿಕರು ಬೇಕಾಗಿದ್ದಾರೆ

ಏಪ್ರಿಲ್ ಕೊನೆಯ ವಾರ ನಮ್ಮೂರ ಸೇವಾ ಕ್ಲಬ್ಬಿನ ಕಾರ್ಯದರ್ಶಿಗಳು ಮನೆಗೆ ಬಂದರು. "ಮಾಸ್ತರ್ರೇ, ಐದು ಬಿನ್ನವತ್ತಳೆ ಬೇಕಾಗ್ಯಾವ್ರಿ" ಅಂದರು, ಅಂಗಡಿಯಲ್ಲಿ ಐದು ತೆಂಗಿನಕಾಯಿ ಕೇಳುವವರ ಹಾಗೆ.

ನಾನು ನಿವೃತ್ತ ಕನ್ನಡ ಮಾಸ್ತರ. ಊರಲ್ಲಿ ಯಾರ ಹೆಗಲಿಗೆ ಶಾಲು ಬಿದ್ದರೂ ಹೊಗಳಿಕೆ ಬರೆಯುವ ಕೆಲಸ ನನಗೇ ಬೀಳುತ್ತದೆ. ಯಾರಿಗೆ ಸನ್ಮಾನ ಅಂತ ಕೇಳಿದೆ. "ಶ್ರಮಿಕರಿಗ್ರಿ. ಮೇ ಒಂದಕ್ಕ." ಯಾವ ಶ್ರಮಿಕರು? "ಅವರಿನ್ನೂ ಸಿಕ್ಕಿಲ್ರಿ. ನೀವು ಬರದಿಡ್ರಿ, ಹೆಸರಿನ ಜಾಗ ಖಾಲಿ ಬಿಡ್ರಿ."

ಬಿಟ್ಟೆ. 'ಮಳೆ ಗಾಳಿ ಚಳಿ ಬಿಸಿಲು ಎನ್ನದೆ ತಾವು ಸಲ್ಲಿಸಿದ ಸೇವೆ ಅನನ್ಯ' ಅಂತ ಬರೆದೆ. ಮಳೆ ಗಾಳಿ ಅಂತ ಹಾಕಿದರೆ ಲೈನ್‌ಮನ್‌ಗೂ ಆಗುತ್ತದೆ, ಅಂಚೆಯವನಿಗೂ ಆಗುತ್ತದೆ. ಅನುಭವ ಅಂದರೆ ಅದೇ ಅಲ್ವಾ? ಪ್ರೂಫ್ ನೋಡುವಾಗ ಒಂದು ಹೊಳೆಯಿತು. ಐದು ಜನಕ್ಕೂ ಅಕ್ಷರ ಬದಲಿಲ್ಲದೆ 'ಅನನ್ಯ' ಅಂತ ಬರೆದಿದ್ದೆ. ತಿದ್ದಲಿಲ್ಲ.

ಯಾವ ಕ್ಲಬ್ಬು ಅಂತ ಹೇಳುವುದಿಲ್ಲ. ಇದೇ ಊರಲ್ಲಿ ಬಾಳಬೇಕು. ಆದರೆ ಇಂಥ ಕ್ಲಬ್ಬುಗಳ ಲೆಕ್ಕ ನಿಮಗೆ ಗೊತ್ತಿರಲಿ. ಅವರ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಕ್ತಾಯ. ಅಧ್ಯಕ್ಷರ ಕುರ್ಚಿಗೆ ಒಂದೇ ವರ್ಷದ ಆಯುಷ್ಯ. ಹೀಗಾಗಿ ಏಪ್ರಿಲ್ ಬಂತೆಂದರೆ ಅಧ್ಯಕ್ಷರಿಗೆ ಸೇವೆಯ ಹಸಿವು ಕೆರಳುತ್ತದೆ. ಇನ್ನೆರಡು ತಿಂಗಳಲ್ಲಿ ಕ್ಲಬ್ಬುಗಳ ಮೇಲಿನ ಜಿಲ್ಲಾ ಗವರ್ನರಿಗೆ ವರದಿ ಕಳಿಸಬೇಕು, ವರದಿಯಲ್ಲಿ ಫೋಟೋ ಇರಬೇಕು, ಫೋಟೋದಲ್ಲಿ ಬಡವರಿರಬೇಕು.

ಸುಮ್ನೆ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ರೋಟರಿಯವರು 1985ರಲ್ಲಿ ಪೋಲಿಯೋ ಹಿಂದೆ ಬಿದ್ದವರು, ಬಿಡಲೇ ಇಲ್ಲ. 2014ರಲ್ಲಿ ನಮ್ಮ ದೇಶಕ್ಕೆ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿತು. ಲಯನ್ಸ್‌ನವರ ಕಣ್ಣಿನ ಶಿಬಿರದಿಂದ ಮತ್ತೆ ಪೇಪರ್ ಓದುವ ಹಾಗಾದ ಮುದುಕರು ನಮ್ಮ ಓಣಿಯಲ್ಲೇ ಇದ್ದಾರೆ. ಆ ಎರಡು ಹನಿಗೂ ಆ ಕನ್ನಡಕಕ್ಕೂ ನಾನು ಕೈಮುಗಿಯುತ್ತೇನೆ. ನನ್ನ ತಕರಾರು ಶಾಲಿನದು ಮಾತ್ರ.

ಆಯ್ಕೆ ಸಮಿತಿ ಸಭೆಗೆ ನನ್ನನ್ನೂ ಕರೆದರು. ಅಲ್ಲಿ ಎದುರಾದ ಸಮಸ್ಯೆ ಯಾರ ತಲೆಗೂ ಮೊದಲು ಬಂದಿರಲಿಲ್ಲ. ಕಾರ್ಯಕ್ರಮ ಬೆಳಿಗ್ಗೆ ಹನ್ನೊಂದಕ್ಕೆ. ಶ್ರಮಿಕರು ಹನ್ನೊಂದಕ್ಕೆ ಶ್ರಮ ಪಡುತ್ತಿರುತ್ತಾರೆ. ಹನ್ನೊಂದಕ್ಕೆ ಬಿಡುವಿರುವವರು ಶ್ರಮಿಕರಲ್ಲ, ಕ್ಲಬ್ಬಿನ ಸದಸ್ಯರು. ಸಂಜೆ ಇಟ್ಟುಕೊಳ್ಳೋಣ ಅಂತ ಒಬ್ಬರು ಅಂದರು. ಸಂಜೆ ಫೆಲೋಶಿಪ್ ಇದೆ ಅಂತ ಇನ್ನೊಬ್ಬರು ನೆನಪಿಸಿದರು. ಫೆಲೋಶಿಪ್ ಅಂದರೆ ಊಟ. ಅದರ ಜೊತೆಗಿನದನ್ನು ನಾನು ಬರೆಯುವುದಿಲ್ಲ.

ನಮ್ಮದು ರಾಯಚೂರು ಜಿಲ್ಲೆಯ ಕಾಲುವೆ ಸೀಮೆ. ಬೇಸಿಗೆ ಬೆಳೆಯ ನೆಲ್ಲು ಮಿಲ್ಲಿಗೆ ಬರುವುದು ಇದೇ ಹೊತ್ತಿಗೆ. ಈ ಸಲದ ಅಧ್ಯಕ್ಷರು ರೈಸ್‌ಮಿಲ್ ಸಾಹುಕಾರರು. "ನಿಮ್ಮ ಮಿಲ್ಲಿನ ಹಮಾಲರಲ್ಲೇ ಒಬ್ಬನನ್ನ ಕರೀರಿ" ಅಂದೆ. ಸಾಹುಕಾರರು ಮುಖ ಸಣ್ಣ ಮಾಡಿದರು. "ಅವತ್ತು ಲೋಡ್ ಅದಾವ್ರಿ ಮಾಸ್ತರ್ರೇ. ಒಬ್ಬನ್ನ ಬಿಟ್ರ ಗ್ಯಾಂಗೇ ಎದ್ದು ಬರ್ತದ."

ಕರ್ನಾಟಕದಲ್ಲಿ 1963ರ ಕಾಯ್ದೆಯೊಂದಿದೆ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2ರ ಸಾಲಿನಲ್ಲಿ ಮೇ 1ನ್ನೂ ಕೂರಿಸಿ, ಕೆಲಸಗಾರರಿಗೆ ಕೂಲಿಸಹಿತ ರಜೆ ಕೊಡಿ ಅನ್ನುತ್ತದೆ. ದುಡಿಸಿಕೊಂಡರೆ ಎರಡರಷ್ಟು ಕೂಲಿ, ಇಲ್ಲವೇ ಬದಲಿಗೆ ಇನ್ನೊಂದು ದಿನ ಕೂಲಿಸಹಿತ ರಜೆ. ಇದನ್ನು ಸಭೆಯಲ್ಲಿ ಹೇಳಿದ್ದು ನನ್ನ ತಪ್ಪು. ಸಾಹುಕಾರರು ನಕ್ಕು, "ಹಮಾಲರು ನಮ್ಮವರಲ್ರಿ, ಮೇಸ್ತ್ರಿ ಕಡಿಯವ್ರು" ಅಂದರು. ಹೋದ ದೀಪಾವಳಿಗೆ ಅದೇ ಹಮಾಲರಿಗೆ ಮಿಠಾಯಿ ಹಂಚಿ 'ನಮ್ಮ ಮಿಲ್ಲಿನ ಕುಟುಂಬ' ಅಂತ ಸ್ಟೇಟಸ್ ಹಾಕಿದ್ದವರು ಇವರೇ. ಮಿಠಾಯಿ ಕೊಡುವಾಗ ನಮ್ಮವರು, ರಜೆ ಕೊಡುವಾಗ ಮೇಸ್ತ್ರಿ ಕಡೆಯವರು. ಕೊನೆಗೆ ಹಮಾಲರ ಪರವಾಗಿ ಮಿಲ್ಲಿನ ಗುಮಾಸ್ತರನ್ನು ಸನ್ಮಾನಿಸುವುದೆಂದು ಒಮ್ಮತದಿಂದ ತೀರ್ಮಾನವಾಯಿತು. ಚೀಲ ಹೊತ್ತವರನ್ನು ಸನ್ಮಾನಿಸಿದರೇನು, ಎಣಿಸಿದವರನ್ನು ಸನ್ಮಾನಿಸಿದರೇನು?

ಆಶಾ ಕಾರ್ಯಕರ್ತೆಯೊಬ್ಬರು ಬರಲು ಒಪ್ಪಿದರು. ಅವರಿಗೆ ಸರ್ಕಾರ ಕೊಡುವ ದುಡ್ಡಿಗೆ ಸಂಬಳ ಅನ್ನುವ ಹಾಗಿಲ್ಲ, 'ಗೌರವಧನ' ಅನ್ನಬೇಕು. ಗೌರವ ಕೊಟ್ಟಿದ್ದೇವಲ್ಲ, ಧನ ಯಾಕೆ ಜಾಸ್ತಿ ಅನ್ನುವ ಅರ್ಥ ಆ ಶಬ್ದದ ಒಳಗೇ ಇದೆ. ಪೋಲಿಯೋ ಹನಿ ಹಿಡಿದು ಮನೆಮನೆ ತಿರುಗಿದವರೂ ಇವರೇ. ತಿಂಗಳಿಗೆ ಇಷ್ಟು ಅಂತ ಖಚಿತವಾಗಿ ಕೊಡಿ ಎಂದು ಕೇಳಿ 2025ರ ಜನವರಿಯಲ್ಲಿ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಿದ್ದರು. ನಮ್ಮೂರಿನಿಂದಲೂ ಹೋಗಿದ್ದರು. ಜನವರಿಯ ಚಳಿ. ಶಾಲು ಹೊದಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನಾವುದು? ಆದರೆ ಕ್ಲಬ್ಬಿನ ಶಾಲು ಹೊರಬರುವುದು ಮೇ ತಿಂಗಳ ಬಿಸಿಲಲ್ಲೇ.

ಪೌರಕಾರ್ಮಿಕ ಅಮ್ಮನ ಮನೆಗೆ ಕಾರ್ಯದರ್ಶಿಗಳ ಜೊತೆ ನಾನೂ ಹೋದೆ. ಆಕೆಗೆ ಇದು ಹೊಸದಲ್ಲ. ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನಾಚರಣೆ, ಅದಕ್ಕೊಂದು ಶಾಲು. ಕೊರೋನಾ ಕಾಲದಲ್ಲಿ 'ವಾರಿಯರ್' ಅಂತ ಇನ್ನೊಂದು. ಸಂಘದವರು, ಬಳಗದವರು, ಪುಢಾರಿಗಳ ಹುಟ್ಟುಹಬ್ಬದವರು ಕೊಟ್ಟವು ಬೇರೆ. "ಎಲ್ಲಾ ಎಲ್ಲಿಟ್ಟೀಯವ್ವಾ?" ಅಂತ ಕೇಳಿದೆ. ಒಳಗಿನಿಂದ ಒಂದು ಕೌದಿ ತಂದು ಹಾಸಿದಳು. ಎಂಟು ಶಾಲು ಸೇರಿಸಿ, ಅಂಚು ಮಡಚಿ, ಕೈಯಲ್ಲೇ ಹೊಲಿದ ಕೌದಿ. ಎಂಥ ಟಾಕಿ! ನಾನು ಬರೆದ ಯಾವ ಬಿನ್ನವತ್ತಳೆಯಲ್ಲೂ ಅಷ್ಟು ಒಪ್ಪವಾದ ಒಂದು ಸಾಲಿಲ್ಲ. "ಮೊಮ್ಮಗ ಸನ್ಮಾನದ ಮ್ಯಾಲ ಮಕ್ಕೊಂತಾನ್ರಿ" ಅಂದಳು. ಆಮೇಲೆ ಕಾರ್ಯದರ್ಶಿಗಳ ಕಡೆ ತಿರುಗಿ, "ಈ ಸಲ ಕೆಂಪು ಬ್ಯಾಡ್ರಿ ಸಾಹೇಬ್ರ, ಸಾಕಾಗ್ಯಾವ. ಹಸರು ಸಿಕ್ರ ನೋಡ್ರಿ, ನಡಬರಕ ಕಡಿಮಿ ಬಿದ್ದದ" ಅಂದಳು. ಕಾರ್ಯದರ್ಶಿಗಳು ಡೈರಿಯಲ್ಲಿ ಬರೆದುಕೊಂಡರು. ಆ ದಿನ ತಂದದ್ದು ಕೆಂಪೇ. ಸೆಟ್ಟಿನಲ್ಲಿ ಬರುವುದು ಅದೇ ಬಣ್ಣವಂತೆ.

ಅಂಚೆಯವನು ಬರುತ್ತೇನೆ ಅಂದ, ಬಂದ, ಮುಗಿಯಿತು. ಲೈನ್‌ಮನ್ ಕಥೆ ಮಾತ್ರ ದೊಡ್ಡದು.

ಕಾಗದದಲ್ಲಿ ಅವನೀಗ 'ಪವರ್‌ಮ್ಯಾನ್'. ಕಂಬ ಅದೇ, ಹೆಸರಿಗೆ ಮಾತ್ರ ಪವರ್ ಬಂದಿದೆ. ಕಂಬ ಹತ್ತುವ ಮೊದಲು ಲೈನಿನ ಕರೆಂಟ್ ತೆಗೆಸುವುದಕ್ಕೆ ಅವರ ಭಾಷೆಯಲ್ಲಿ 'ಎಲ್‌ಸಿ ತಗೊಳ್ಳೋದು' ಅನ್ನುತ್ತಾರೆ. ಅರ್ಧ ಊರು ಅವನೊಬ್ಬನ ಮೇಲಿದೆ. ಅವನ ಮೊಬೈಲ್ ನಂಬರು ಗೊತ್ತಿಲ್ಲದ ಮನೆ ನಮ್ಮಲ್ಲಿಲ್ಲ, ಹೆಸರು ಗೊತ್ತಿರುವ ಮನೆಯೂ ಇಲ್ಲ. ಬಿನ್ನವತ್ತಳೆಯಲ್ಲಿ ಹೆಸರು ತುಂಬಲು ನಾನೇ ಫೋನ್ ಮಾಡಿ ಕೇಳಬೇಕಾಯಿತು. ನನ್ನ ಮೊಬೈಲಿನಲ್ಲಿ ಅವನು ಹತ್ತು ವರ್ಷದಿಂದ 'ಕರೆಂಟ್'.

ಕಲ್ಯಾಣ ಮಂಟಪದ ಬಾಗಿಲಿಗೆ ಆಳೆತ್ತರದ ಫ್ಲೆಕ್ಸ್. ಅದರಲ್ಲಿ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿ, ಹಿಂದಿನ ಅಧ್ಯಕ್ಷರು, ಮುಂದಿನ ಅಧ್ಯಕ್ಷರು. ಕೆಳಗೆ ಶ್ರಮಿಕರ ಪ್ರತಿನಿಧಿಯಾಗಿ ಹಳದಿ ಹೆಲ್ಮೆಟ್ ಹಾಕಿಕೊಂಡು ನಗುವ ಒಬ್ಬ ಬಿಳಿಯ, ಇಂಟರ್ನೆಟ್ಟಿನಿಂದ ಇಳಿಸಿದ್ದು. ವೇದಿಕೆಯ ಮುಂದಿನ ಸಾಲಿನಲ್ಲಿ ಗಣ್ಯರಿಗೆ ಸೋಫಾ. ಹಿಂದಿನ ಸಾಲಿನಲ್ಲಿ ಸನ್ಮಾನಿತರಿಗೆ ಪ್ಲಾಸ್ಟಿಕ್ ಕುರ್ಚಿ. ಗಣ್ಯರ ಪೇಟಗಳ ಸಂದಿಯಲ್ಲಿ ಅವರ ಹಣೆ ಮಾತ್ರ ಕಾಣುತ್ತಿತ್ತು.

ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಎಲ್ಲ ಆಯಿತು. ಪ್ರಾಸ್ತಾವಿಕ ಮಾಡಿದವರು, "1886ರಲ್ಲಿ ಚಿಕಾಗೋ ನಗರದಲ್ಲಿ ಕಾರ್ಮಿಕರನ್ನು ಗೌರವಿಸಿದ ನೆನಪಿಗೆ ಈ ದಿನ" ಅಂದರು. ಎಂಟು ತಾಸಿನ ದುಡಿಮೆ ಕೇಳಿ ಬೀದಿಗಿಳಿದವರ ಕಥೆ ಅದು. ಮರುವರ್ಷ ಅವರ ಮುಂದಾಳುಗಳಲ್ಲಿ ನಾಲ್ವರ ಕೊರಳಿಗೆ ಬಿದ್ದದ್ದು ಹಾರವಲ್ಲ, ನೇಣು. ತಮಾಷೆ ನೋಡಿ, ರೋಟರಿ 1905ರಲ್ಲಿ ಹುಟ್ಟಿದ್ದೂ ಅದೇ ಚಿಕಾಗೋದಲ್ಲಿ, 1917ರಲ್ಲಿ ಲಯನ್ಸ್ ಹುಟ್ಟಿದ್ದೂ ಅಲ್ಲೇ. ಮುಷ್ಕರ, ಸೇವೆ ಎರಡಕ್ಕೂ ತವರು ಒಂದೇ. ಅಕ್ಕ ತಂಗಿಯರು ಮಾತು ಬಿಟ್ಟಿದ್ದಾರೆ, ಅಷ್ಟೇ.

ಆಮೇಲೆ ಭಾಷಣಗಳು. ಎಲ್ಲರೂ ತಪ್ಪದೆ 'ಕಾಯಕವೇ ಕೈಲಾಸ' ಅಂದರು. ಒಬ್ಬರು ಹೇಳಿದ್ದಾರಲ್ಲ, ನಾವ್ಯಾಕೆ ಬಿಡಬೇಕು ಅಂತ ಉಳಿದವರೂ ಅಂದರು. ಎಲ್ಲರೂ ಬಸವಣ್ಣನವರ ಹೆಸರಿಗೇ ಜಮಾ ಮಾಡಿದರು. ಆ ಮಾತಿರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಮಾರಯ್ಯ ನಮ್ಮ ಜಿಲ್ಲೆಯವನೇ, ಲಿಂಗಸುಗೂರು ಸೀಮೆಯ ಅಮರೇಶ್ವರದವನು. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ನಾಲ್ಕು ಕಾಳು ಜಾಸ್ತಿ ತಂದದ್ದಕ್ಕೆ ಹೆಂಡತಿ ಲಕ್ಕಮ್ಮ ವಾಪಸ್ ಕಳಿಸಿದಳು. ಸಾಹುಕಾರರ ಮಿಲ್ಲಿನ ಅಂಗಳದಲ್ಲೂ ಅಕ್ಕಿ ಚೆಲ್ಲುತ್ತದೆ. ಆಯಲು ಹೋಗಿ ನೋಡಿ, ವಾಚ್‌ಮನ್ ಇದ್ದಾನೆ.

ಸಾಹುಕಾರರು ಮೈಕ್ ಹಿಡಿದು, "ಬಂಧುಗಳೇ, ಕಾಯಕವೇ" ಅಂದರು. ಕರೆಂಟ್ ಹೋಯಿತು.

ನಾಲ್ಕು ಏಸಿ, ಹದಿನೆಂಟು ಫ್ಯಾನು, ಸೌಂಡ್ ಸಿಸ್ಟಮ್, ಅಡುಗೆಮನೆಯ ಗ್ರೈಂಡರು. ಹೊರಗಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 'ಢಂ' ಅಂದದ್ದು ಒಳಗೆಲ್ಲ ಕೇಳಿಸಿತು. ಜನರೇಟರ್ ತರಿಸೋಣ ಅಂದರೆ ಅದು ಮಿಲ್ಲಿನಲ್ಲಿ ಓಡುತ್ತಿತ್ತು. ಸಭೆಯಲ್ಲಿದ್ದ ಹತ್ತಾರು ಜನ ಒಟ್ಟಿಗೆ ಮೊಬೈಲ್ ತೆಗೆದು ಫೋನ್ ಹಚ್ಚಿದರು. ವೇದಿಕೆಯ ಹಿಂದಿನ ಸಾಲಿನಲ್ಲಿ ಲೈನ್‌ಮನ್ ಜೇಬು ರಿಂಗಾಗತೊಡಗಿತು.

ಅವನು ಎದ್ದ. ಸಾಹುಕಾರರು ಕೈ ಅಡ್ಡ ಹಿಡಿದರು. "ಕೂಡಪಾ, ಶಾಲು ಹಾಕೂತನಕಾ ಕೂಡು." "ಇಲ್ರಿ ಸರ್, ದವಾಖಾನಿನೂ ಇದ ಲೈನ್ ಮ್ಯಾಲದ" ಅಂದ. "ಎರಡ ನಿಮಿಷ! ಫೋಟೋಗ್ರಾಫರ್ ಎಲ್ಲಿ?" ಫೋಟೋಗ್ರಾಫರ್ ಊಟದ ಹಾಲಿನಲ್ಲಿದ್ದ. ಅಷ್ಟರಲ್ಲಿ ಇವನು ಮೆಟ್ಟಿಲಿಳಿದು ಹೊರಗೆ ಹೋಗಿಯಾಗಿತ್ತು.

ಮಾರಯ್ಯನ ಅದೇ ವಚನದ ಮೊದಲ ಸಾಲುಗಳನ್ನು ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲ. ಕಾಯಕದಲ್ಲಿರುವಾಗ ಗುರು ಬಂದರೂ ಮರೆ, ಲಿಂಗಪೂಜೆಯನ್ನೂ ಮರೆ, ಜಂಗಮನೇ ಮುಂದೆ ನಿಂತರೂ ಹಂಗು ಹರಿದುಕೋ ಅನ್ನುತ್ತಾನೆ ಅವನು. ಕ್ಲಬ್ಬಿನ ಅಧ್ಯಕ್ಷರು ಆ ಪಟ್ಟಿಯಲ್ಲಿ ಇಲ್ಲ. ಆಗಿನ್ನೂ ಕ್ಲಬ್ಬುಗಳಿರಲಿಲ್ಲ.

ನಲವತ್ತು ನಿಮಿಷ ಬೆವತೆವು. ಉಳಿದ ನಾಲ್ವರು ಕೆಂಪು ಶಾಲು, ಪೇಟ, ಗಂಧದ ಹಾರ ಹಾಕಿಕೊಂಡು ನಮಗಿಂತ ಜಾಸ್ತಿ ಬೆವತರು. ಬಿನ್ನವತ್ತಳೆ ಬರೆದದ್ದಕ್ಕೆ ನನಗೂ ಒಂದು ಶಾಲು ಬಿತ್ತು. ಬೇಡ ಅನ್ನಲಿಲ್ಲ. ಕರೆಂಟ್ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಫ್ಯಾನು ನೋಡಿಕೊಂಡು. ಆ ದಿನದ ಅತಿ ದೊಡ್ಡ ಚಪ್ಪಾಳೆ ಅದು. ತಟ್ಟಿಸಿಕೊಂಡವನು ಹೊರಗೆ ಕಂಬದ ಮೇಲಿದ್ದ.

ಮರುದಿನದ ಪೇಪರಿನಲ್ಲಿ ಸುದ್ದಿ ಬಂತು. 'ಶ್ರಮಿಕರಿಗೆ ಸನ್ಮಾನ.' ಅಧ್ಯಕ್ಷರಿಂದ ಹಿಡಿದು ನಿರೂಪಣೆ ಮಾಡಿದ ಹುಡುಗಿಯವರೆಗೆ ಎಲ್ಲರ ಹೆಸರೂ ಇತ್ತು. ಸನ್ಮಾನಿತರು 'ಮತ್ತಿತರರು ಇದ್ದರು' ಅನ್ನುವುದರಲ್ಲಿ ಇದ್ದರು.

ಕಾರ್ಯದರ್ಶಿಗಳಿಗೆ ಮಾತ್ರ ನಿದ್ದೆ ಇಲ್ಲ. ವರದಿಗೆ ಐದು ಫೋಟೋ ಬೇಕು, ಇರುವುದು ನಾಲ್ಕು. ನನ್ನೆದುರಿಗೇ ಸ್ಪೀಕರ್ ಹಾಕಿ ಲೈನ್‌ಮನ್‌ಗೆ ಫೋನ್ ಮಾಡಿದರು. "ಐತವಾರ ಹನ್ನೊಂದಕ್ಕ ಅದ ಹಾಲಿಗೆ ಬಂದು ಒಂದ್ ಶಾಲು ಹಾಕಿಸ್ಕೊಂಡು ಹೋಗಪಾ. ಎಲ್ಲಾ ಹಾಂಗ ಸೆಟ್ ಮಾಡ್ತೀವಿ, ಸಾಹುಕಾರ್ರೂ ಬರ್ತಾರ."

ಅತ್ತ ಕಡೆ ಗಾಳಿ ಸದ್ದು. ಎಲ್ಲೋ ಕಂಬದ ಮೇಲೇ ಇದ್ದ ಅಂತ ಕಾಣುತ್ತದೆ. "ಬರ್ತೀನ್ರಿ ಸರ್, ಯಾಕ್ ಬರಂಗಿಲ್ಲ" ಅಂದ. "ಆದ್ರ ನಾ ಸ್ಟೇಜ್ ಮ್ಯಾಲಿದ್ದಾಗ ಮತ್ತ ಎಲ್ಲರೂ ಫೋನ್ ಹಚ್ತಾರ. ಅದಕ್ಕ ಹನ್ನೊಂದರಿಂದ ಒಂದರ ತನಕ ಊರಿಗೇ ಎಲ್‌ಸಿ ತಗೊಂಡು ಬರ್ಲೇನ್ರಿ?"