ದೊಡ್ಡವ್ವಗ ಮೊದಲ ಗೊತ್ತಾಕ್ಕೈತಂತ

ಬೆಟಗೇರ್ಯಾಗ ನಮ್ಮ ದೊಡ್ಡವ್ವ ಅದಾಳ್ರಿ, ಮುಂದ ಆಗೋದು ಆಕಿಗೆ ಮೊದಲ ಗೊತ್ತಾಕ್ಕೈತಿ ಅಂತ ಓಣಿ ಮಂದಿನೂ ಅಂತಾರ, ಆಕಿನೂ ಅಂತಾಳ. ಕಿವ್ಯಾಗ ಯಾರೋ ಸಣ್ಣಗ ಅಂದಂಗ ಆಕ್ಕೈತಂತ. ಫೋನ್ ಬಾರಿಸೋಕಿಂತ ಮೊದಲ "ಹುಬ್ಬಳ್ಳ್ಯವರದು ನೋಡು" ಅಂತಾಳ, ಒಮ್ಮೊಮ್ಮೆ ಖರೇನ ಇರ್ತೈತಿ. ತಪ್ಪಿದ್ದನ್ನ ಯಾರೂ ಲೆಕ್ಕ ಇಟ್ಟಿಲ್ಲ (ನಾ ಒಂದ್ ವಾರ ಇಡಾಕ ಹೋಗಿ ಬೈಸ್ಕೊಂಡೇನಿ).

ನಾ ಇದನ್ನ ನಂಬಂಗಿಲ್ಲ. ಜೇಮ್ಸ್ ರ‍್ಯಾಂಡಿ ಅನ್ನೋ ಜಾದೂಗಾರ ಇಂಥಾ ಶಕ್ತಿ ತೋರ್ಸಿದವ್ರಿಗೆ 10 ಲಕ್ಷ ಡಾಲರ್ ಅಂತ ಇಟ್ಟಿದ್ದ, 2015ರಾಗ ಅದು ಬಂದ್ ಆಗೋತನಕ ಒಬ್ರೂ ಗೆಲ್ಲಲಿಲ್ಲ.

ಆದ್ರ ನಗೋ ಮಂದಿಗೆ ಆಕಿ ದಿನ ಹೆಂಗ ಕಳಿತಾಳ ಅನ್ನೋದು ಗೊತ್ತಿಲ್ಲ. ಮನಿಯವ್ರು ಯಾರರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊಂಟ್ರ ಮುಗೀತು, ಅವ್ರು ಮುಟ್ಟಿದ್ದು ತಿಳಿಯೋತನಕ ಕಣ್ಣು ಮುಚ್ಚಂಗಿಲ್ಲ, ಹೇಳಿದ್ರ ಮುದಿಕಿ ಅಪಶಕುನ ನುಡಿತಾಳ ಅಂತಾರ, ಹೇಳದಿದ್ರ ಗೊತ್ತಿದ್ದೂ ಸುಮ್ನ ಕುಂತಿ ಅಂತಾರ. ದೊಡ್ಡಪ್ಪ ಹೋಗೋ ಹಿಂದಿನ ರಾತ್ರಿ ಆಕಿಗೆ ಏನೋ ಅನಿಸಿತ್ತಂತ, ಬಾಯಿ ಬಿಡಲಿಲ್ಲ. ಹನ್ನೆರಡು ವರ್ಷ ಆತು, ಇನ್ನೂ ದೇವ್ರ ಜಗಲಿ ಮುಂದ ಕುಂತು "ನಾ ಅಂದಿದ್ರ ದವಾಖಾನಿಗೆ ಒಯ್ತಿದ್ರು" ಅಂತ ಅಳ್ತಾಳ. ಎದಿ ಒಡದು ಹೋದ ಮನಷ್ಯಾನ ಸಾವು ತನ್ನ ಮ್ಯಾಲ ಹಾಕ್ಕೊಂಡಾಳ. ಇಂಥಾದು ಶಕ್ತಿ ಅಂತ ಹೆಂಗ ಅನ್ನಬೇಕ್ರಿ?

ಅಮೆರಿಕದ ಯೇಲ್ ಯೂನಿವರ್ಸಿಟಿಯವ್ರು ದಿನಾ ದನಿ ಕೇಳಿಸ್ಕೊಳ್ಳೋ ಸೈಕಿಕ್ ಮಂದಿನ್ನ (ನಮಗ ಇಂಥಾ ಶಕ್ತಿ ಐತಿ ಅನ್ನವ್ರನ್ನ), ಅಂಥಾದ ದನಿ ಕೇಳೋ ಮಾನಸಿಕ ರೋಗಿಗಳನ್ನ ಹೋಲಿಸಿ ನೋಡಿದ್ರು. ದನಿಗಳು ಭಾಳ ಮಟ್ಟಿಗೆ ಒಂದ ನಮೂನಿ, ಆದ್ರ ಸೈಕಿಕ್ ಮಂದಿಗೆ ಕಾಟ ಕಡಿಮಿ, ದನಿ ಮ್ಯಾಲ ಹಿಡಿತ ಜಾಸ್ತಿ. ಇನ್ನೊಂದು ಫರಕು ಏನಂದ್ರ, ಮೊದಲನೇ ಸಲ ಹೇಳ್ಕೊಂಡಾಗ ಎದುರಿಗಿದ್ದವ್ರು ಸೈಕಿಕ್ ಮಂದಿ ಮಾತನ್ನ ಛಲೋತಂಗ ಕೇಳಿಸ್ಕೊಂಡಿದ್ರು. ನಮ್ಮಲ್ಲೂ ನೋಡ್ರಿ, ಎಲ್ಲಮ್ಮ ಮೈಮ್ಯಾಲ ಬಂದಾಳ ಅಂದ್ರ ಕಾಲಿಗೆ ಬೀಳ್ತೀವಿ, ಅದ ದನಿ ಕಾಲೇಜ್ ಹುಡುಗಗ ಕೇಳಿದ್ರ ಖೋಲ್ಯಾಗ ಹಾಕಿ ಚಿಲಕ ಹಾಕ್ತೀವಿ, ಧಾರವಾಡದ ಮಾನಸಿಕ ದವಾಖಾನಿ ಡಿಮ್ಹಾನ್ಸಿಗೆ ಒಯ್ಯೋದು ತಾಯತ, ಮಂತ್ರ ಎಲ್ಲಾ ಮುಗದ ಮ್ಯಾಲ. ಕಾಟ ಆಗಾಕತ್ತಿದ್ರ ಮೊದಲ ಡಾಕ್ಟರ್ ಹಂತ್ಯಾಕ ಹೋಗ್ರಿ, ಅದ್ರಾಗ ನಾಚಿಕಿ ಏನೈತಿ.

ದೊಡ್ಡವ್ವಗ "ನಿಂದು ಸುಳ್ಳು" ಅನ್ನೋದು ನಾ ಬಿಟ್ಟೇನಿ. ಎಲ್ಲಿಗೆ ಹೋದ್ರೂ ಮುಟ್ಟಿದ ಕೂಡ್ಲೇ ಫೋನ್ ಹಚ್ತೇನಿ. ಮೊನ್ನೆ ಎತ್ತಿದಾಕಿನ, "ನೀನ ಹಚ್ಚತಿ ಅಂತ ಗೊತ್ತಿತ್ತು ಬಿಡಪಾ" ಅಂದ್ಳು.