ನಿಮ್ಮ ಬೀದಿಯ ಬೀಟ್ ಪೊಲೀಸ್ ಯಾರು ಅಂತ ಗೊತ್ತಾ?

2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಲ್ಲಿ ವಯಸ್ಸಾದ ದಂಪತಿ ತಾವೇ ಜೀವ ಕಳೆದುಕೊಂಡರು. ಗಂಡನಿಗೆ ಎಂಬತ್ತು ದಾಟಿತ್ತು, ಹೆಂಡತಿಗೆ ಎಂಬತ್ತರ ಹತ್ತಿರ. ಮಕ್ಕಳಿರಲಿಲ್ಲ. ದೆಹಲಿಯಿಂದ ಅಧಿಕಾರಿ ಮಾತಾಡ್ತಿದ್ದೇನೆ, ನಿಮ್ಮ ಹೆಸರಿನ ಸಿಮ್ ಕಾರ್ಡ್ ದುರ್ಬಳಕೆ ಆಗಿದೆ ಎಂದು ಫೋನಿನಲ್ಲಿ ಹೆದರಿಸಿದವರು 50 ಲಕ್ಷಕ್ಕೂ ಹೆಚ್ಚು ಹಣ ಕಿತ್ತುಕೊಂಡಿದ್ದರು. ಅಷ್ಟಕ್ಕೂ ಬಿಡದೆ ಇನ್ನೂ ಕೇಳುತ್ತಿದ್ದರು. ಇವರು ಬಂಗಾರ ಅಡವಿಟ್ಟಿದ್ದರು, ಪರಿಚಯದವರ ಹತ್ತಿರ ಸಾಲವನ್ನೂ ಮಾಡಿದ್ದರು.

ಈ ಸುದ್ದಿ ಓದಿದಾಗಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಇಂಥ ಫೋನ್ ಬಂದಾಗ, 'ಇದು ನಿಜಾನಾ?' ಅಂತ ಕೇಳೋಕೆ ನಮ್ಮ ಮನೆಯ ಹಿರಿಯರಿಗೆ ಪರಿಚಯದ ಪೊಲೀಸ್ ಒಬ್ಬರಾದರೂ ಇದ್ದಾರಾ?

ಪೊಲೀಸ್ ಅಂತ ಹೇಳಿ ಫೋನಿನಲ್ಲೇ 'ನಿಮ್ಮನ್ನು ಬಂಧಿಸಿದ್ದೇವೆ' ಎಂದು ಹೆದರಿಸುವ ಈ ಡಿಜಿಟಲ್ ಅರೆಸ್ಟ್ ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ. ಆದರೂ ಜನ ನಂಬುತ್ತಾರೆ. ಓದಿದವರು, ದೊಡ್ಡ ಹುದ್ದೆಯಿಂದ ನಿವೃತ್ತರಾದವರೂ ನಂಬುತ್ತಾರೆ. ನನಗೆ ಅನಿಸುವ ಕಾರಣ ಇದು: ನಮ್ಮಲ್ಲಿ ಹೆಚ್ಚಿನವರು ಜೀವನದಲ್ಲಿ ಒಮ್ಮೆಯೂ ನಿಜವಾದ ಪೊಲೀಸರ ಜೊತೆ ಕೂತು ಮಾತಾಡಿಲ್ಲ. ಠಾಣೆಯ ಮೆಟ್ಟಿಲು ಹತ್ತದೇ ಇರುವುದೇ ಮರ್ಯಾದೆ ಅಂದುಕೊಂಡು ಬೆಳೆದವರು ನಾವು. ಹಾಗಾಗಿ ನಿಜವಾದ ಪೊಲೀಸರು ಹೇಗೆ ಮಾತಾಡುತ್ತಾರೆ, ಏನು ಕೇಳುತ್ತಾರೆ, ಏನು ಕೇಳುವುದೇ ಇಲ್ಲ ಅನ್ನುವುದು ನಮಗೆ ಗೊತ್ತಿಲ್ಲ. ವಿಡಿಯೊ ಕಾಲ್‌ನಲ್ಲಿ ಖಾಕಿ ಕಂಡರೆ ಸಾಕು, ಕೈಕಾಲು ನಡುಗುತ್ತವೆ. 2024 ಒಂದೇ ವರ್ಷದಲ್ಲಿ ಸೈಬರ್ ವಂಚಕರಿಂದ ದೇಶದ ಜನ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ.

ಅದಕ್ಕೇ 2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾದಾಗ ನನಗೆ ನಿಜಕ್ಕೂ ಖುಷಿಯಾಯಿತು. ಠಾಣೆಯ ವ್ಯಾಪ್ತಿಯನ್ನು ನಲವತ್ತು ಐವತ್ತು ಮನೆಗಳ ಗುಂಪು ಮಾಡಿ, ಬೀಟ್ ಸಿಬ್ಬಂದಿ, ಅಂದರೆ ಆ ಪ್ರದೇಶದ ಗಸ್ತಿನ ಪೊಲೀಸರು, ಒಂದೊಂದೇ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳಬೇಕು, ತೊಂದರೆ ಏನಿದೆ ಕೇಳಬೇಕು ಅನ್ನುವುದು ಯೋಜನೆ. ಪೂರ್ತಿ ಹೊಸ ವಿಚಾರವೇನೂ ಅಲ್ಲ. ಠಾಣೆಯ ಪ್ರತಿ ಕಾನ್‌ಸ್ಟೆಬಲ್‌ಗೂ ಒಂದೊಂದು ಪ್ರದೇಶ ಕೊಡಬೇಕು, ಅಲ್ಲಿ ನಾಗರಿಕರ ಸಮಿತಿ ಇರಬೇಕು ಎಂದು 2017ರಲ್ಲೇ ಸುಧಾರಿತ ಬೀಟ್ ವ್ಯವಸ್ಥೆ ಬಂದಿತ್ತು.

ನಮ್ಮ ದೊಡ್ಡಮ್ಮ ಇರುವ ಬೀದಿಗೂ ಇಬ್ಬರು ಬಂದಿದ್ದರು, ಒಬ್ಬ ಕಾನ್‌ಸ್ಟೆಬಲ್, ಜೊತೆಗೆ ಒಬ್ಬ ಮಹಿಳಾ ಕಾನ್‌ಸ್ಟೆಬಲ್. ದೊಡ್ಡಮ್ಮ ಮೊದಲು ಹೆದರಿ ಬಾಗಿಲೇ ತೆಗೆಯಲಿಲ್ಲವಂತೆ. ಆಮೇಲೆ ಜಗಲಿ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟು, ಬೀದಿದೀಪ ಕೆಟ್ಟಿರುವುದರಿಂದ ಹಿಡಿದು ಮೂಲೆಮನೆ ಹುಡುಗರ ಬೈಕ್ ಸದ್ದಿನ ತನಕ ಎಲ್ಲವನ್ನೂ ಹೇಳಿದ್ದಾರೆ. ಹೋಗುವಾಗ ಆ ಕಾನ್‌ಸ್ಟೆಬಲ್ ಹುಡುಗ, "ಅಜ್ಜಿ, ಪೊಲೀಸ್ ಅಂತ ಹೇಳಿ ಯಾರೇ ದುಡ್ಡು ಕೇಳಿದ್ರೂ ಮೊದ್ಲು ನಂಗೆ ಫೋನ್ ಮಾಡಿ" ಅಂದು ತನ್ನ ನಂಬರನ್ನು ಗೋಡೆಯ ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆದು ಹೋದ. ಕೆಲವು ತಿಂಗಳ ನಂತರ ಕೊರಿಯರ್ ಹೆಸರಿನ ಫೋನ್ ಬಂದೇ ಬಂತು. ಪಾರ್ಸೆಲ್‌ನಲ್ಲಿ ಏನೋ ಸಿಕ್ಕಿದೆ, ಕೇಸ್ ಆಗಿದೆ ಅಂತ. ದೊಡ್ಡಮ್ಮ ಹೇಳಿದ್ದಿಷ್ಟೇ: "ನಮ್ ಪೊಲೀಸಪ್ಪನ್ನ ಕೇಳಿ ಹೇಳ್ತೀನಿ ಇರಪ್ಪ." ಆ ಕಡೆಯವನೇ ಫೋನ್ ಇಟ್ಟ.

ಆದರೆ ನಮ್ಮೂರುಗಳಲ್ಲಿ ಸುರಕ್ಷತೆ ಅಂದ ಕೂಡಲೇ ಮೊದಲು ಬರುವ ಮಾತು ಕ್ಯಾಮೆರಾ. ಕ್ಯಾಮೆರಾ ಬೇಕು, ನಾನು ಬೇಡ ಅನ್ನುತ್ತಿಲ್ಲ. ಆದರೆ 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಬ್ಯಾಂಕ್‌ನಲ್ಲಿ ಏನಾಯಿತು ನೆನಪಿದೆಯಾ? ಕಿಟಕಿಯ ಸರಳು ಕತ್ತರಿಸಿ ಒಳಗೆ ಹೋದ ಕಳ್ಳರು 17 ಕೆಜಿಗೂ ಹೆಚ್ಚು ಚಿನ್ನ ಹೊತ್ತೊಯ್ದರು. ಹೋಗುವಾಗ ಖಾರದ ಪುಡಿ ಚೆಲ್ಲಿ, ಸಿಸಿಟಿವಿ ದೃಶ್ಯ ದಾಖಲಾಗುವ ಡಿವಿಆರ್ ಅನ್ನೂ ಬಿಚ್ಚಿಕೊಂಡು ಹೋದರು. ಅಂದರೆ ಸಾಕ್ಷಿಯೂ ಚಿನ್ನದ ಜೊತೆಗೇ ಹೋಯಿತು. ದಾವಣಗೆರೆ ಪೊಲೀಸರು ಐದು ತಿಂಗಳು ಬೆನ್ನು ಹತ್ತಿ, ತಮಿಳುನಾಡಿನ ಮದುರೈ ಕಡೆಯ ಬಾವಿಯಿಂದ ಚಿನ್ನ ಎತ್ತಿ ತಂದರು. ಅವರಿಗೆ ನಿಜಕ್ಕೂ ಕೈ ಮುಗಿಯಬೇಕು. ಬಂಧಿತರಲ್ಲಿ ಮುಖ್ಯ ಆರೋಪಿ ಅದೇ ಊರಿನಲ್ಲಿ ಸಿಹಿತಿಂಡಿ ವ್ಯಾಪಾರ ಮಾಡಿಕೊಂಡಿದ್ದವನು, ತಿಂಗಳುಗಟ್ಟಲೆ ಸಿದ್ಧತೆ ನಡೆದಿತ್ತು ಎಂದು ಪೊಲೀಸರು ಹೇಳಿದರು. ಇಂಥ ಸಿದ್ಧತೆ ಯಾವ ಕ್ಯಾಮೆರಾ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೆ ಊರೊಳಗೆ ಓಡಾಡುವ, ಅಂಗಡಿಯವರ ಜೊತೆ ಮಾತಿಗೆ ನಿಲ್ಲುವ ಮನುಷ್ಯನ ಕಣ್ಣಿಗೆ ಬೀಳಬೇಕು.

ಹಾಗಂತ ಪೊಲೀಸರನ್ನು ಬಿಟ್ಟು ನಾವೇ ಕಾವಲು ಕಾಯುತ್ತೇವೆ ಅಂತ ಹೊರಟರೆ ಏನಾಗುತ್ತದೆ ಅನ್ನುವುದನ್ನೂ ಈ ರಾಜ್ಯ ನೋಡಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಜನರ ಗುಂಪು ಹೊಡೆದು ಕೊಂದಿತು. ಅವರೂ ಗೆಳೆಯರೂ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಕಾರಿಗಿಂತ ಮುಂಚೆ ಮುಂದಿನ ಊರು ತಲುಪಿತ್ತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಕೈ ಎತ್ತಿದವರೆಲ್ಲ ಊರು ಕಾಯುತ್ತಿದ್ದೇವೆ ಅಂದುಕೊಂಡೇ ಎತ್ತಿದ್ದರು. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಆ ಗುಂಪಿನಲ್ಲಿ ಒಬ್ಬರಾದರೂ 'ಇರ್ರೀ, ಬೀಟ್ ಪೊಲೀಸರಿಗೆ ಒಂದ್ ಫೋನ್ ಮಾಡೋಣ' ಅಂದಿದ್ದರೆ, ಉಳಿದವರು ಅದಕ್ಕೆ ಕಿವಿಗೊಟ್ಟಿದ್ದರೆ ಒಂದು ಜೀವ ಉಳಿಯುತ್ತಿತ್ತೇನೋ.

ಇನ್ನು 'ಮನೆ ಮನೆಗೆ ಪೊಲೀಸ್' ಯೋಜನೆಯಲ್ಲಿ ನನಗೆ ಕಾಣುವ ತೊಂದರೆ. ಬೀಟ್ ಹುಡುಗರಿಗೆ ಬೀಟ್ ಒಂದೇ ಕೆಲಸ ಅಲ್ಲ. ಬಂದೋಬಸ್ತ್, ಕೋರ್ಟ್ ಸಮನ್ಸ್, ಗಣಪತಿ ಮೆರವಣಿಗೆ, ಮಂತ್ರಿಗಳ ಭೇಟಿ ಎಲ್ಲದಕ್ಕೂ ಅವರೇ. ರಾತ್ರಿಯೆಲ್ಲ ಗಸ್ತು ತಿರುಗಿದವರು ಹಗಲು ಮನೆ ಮನೆ ತಿರುಗಿ ನಗುನಗುತ್ತಾ ಮಾತಾಡಬೇಕು ಅಂದರೆ ಹೇಗೆ? ಕೊನೆಗೆ ಫಾರಂ ತುಂಬಿಸಿ, ಫೋಟೋ ತೆಗೆದು ಗ್ರೂಪಿಗೆ ಹಾಕುವುದೇ ಕೆಲಸ ಆಗಿಬಿಡುತ್ತದೆ. ಪರಿಚಯ ಆಗುವಷ್ಟರಲ್ಲಿ ವರ್ಗಾವಣೆ. ಮತ್ತೆ ಹೊಸಬರು, ಮತ್ತೆ ಮೊದಲಿಂದ.

ನನ್ನ ಬೇಡಿಕೆ ದೊಡ್ಡದಲ್ಲ. ಒಂದು ಬೀಟಿನಲ್ಲಿ ಒಬ್ಬರನ್ನು ಕನಿಷ್ಠ ಎರಡು ವರ್ಷ ಇರಲು ಬಿಡಿ. ವಾರದಲ್ಲಿ ಅರ್ಧ ದಿನ ಯಾವ ಬಂದೋಬಸ್ತ್‌ಗೂ ಎಳೆಯದೆ ಬೀದಿಗೆ ಕಳಿಸಿ. ಅವರ ಹೆಸರು, ನಂಬರನ್ನು ನ್ಯಾಯಬೆಲೆ ಅಂಗಡಿ, ಹಾಲಿನ ಡೈರಿ, ಬಸ್ ಸ್ಟ್ಯಾಂಡ್‌ಗಳಲ್ಲಿ ಬರೆಸಿ. ಸಾಮಾಜಿಕ ಜಾಲತಾಣದಲ್ಲಿ ಪೋಸ್ಟರ್ ಹಾಕಿದರೆ ನಮ್ಮ ದೊಡ್ಡಮ್ಮನಂಥವರಿಗೆ ತಲುಪುವುದಿಲ್ಲ. ಮನೆಯಲ್ಲಿ ಬರೆದುಕೊಂಡ ಮಾಹಿತಿ ಯಾರ ಕೈಗೆ ಹೋಗುತ್ತದೆ ಅನ್ನುವುದನ್ನೂ ಜನರಿಗೆ ಬಿಡಿಸಿ ಹೇಳಿ. ಆ ಅನುಮಾನ ಜನರಲ್ಲಿದೆ, ಇರುವುದು ನ್ಯಾಯವೇ.

ನಮ್ಮ ಕಡೆಯಿಂದಲೂ ಆಗಬೇಕಾದ್ದಿದೆ. ಪೊಲೀಸರು ಬಂದು ಹೋದ ಮನೆಯವರನ್ನು 'ಏನಾಯ್ತು, ಯಾಕ್ ಬಂದಿದ್ರು?' ಅಂತ ಕೆಟ್ಟ ದೃಷ್ಟಿಯಿಂದ ನೋಡುವುದು ನಿಲ್ಲಬೇಕು. ಬೆಂಗಳೂರಿನಲ್ಲಿ ಇರುವವರೇ, ಅಲ್ಲಿ ನಾಲ್ಕನೇ ಶನಿವಾರ ಪೊಲೀಸರು ಜನರ ಅಹವಾಲು ಕೇಳುವ ಮಾಸಿಕ ಜನಸಂಪರ್ಕ ದಿವಸಕ್ಕೆ ಒಮ್ಮೆ ಹೋಗಿ ಬನ್ನಿ. ಬೇರೆ ಊರಿನವರು ನಿಮ್ಮ ಠಾಣೆಗೆ ಫೋನ್ ಮಾಡಿ ಬೀಟ್ ಸಿಬ್ಬಂದಿಯ ನಂಬರ್ ಕೇಳಿ. ಊರಲ್ಲಿರುವ ಅಪ್ಪ ಅಮ್ಮನ ಫೋನಿನಲ್ಲಿ ಅದನ್ನು ಸೇವ್ ಮಾಡಿಕೊಡಿ, ಜೊತೆಗೆ ತುರ್ತು ಸಹಾಯದ 112 ಮತ್ತು ಸೈಬರ್ ವಂಚನೆ ದೂರಿನ 1930 ಕೂಡ. ಹಣ ಹೋದ ತಕ್ಷಣ 1930ಕ್ಕೆ ಹೇಳಿದರೆ ಅದು ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಯುವ ಅವಕಾಶ ಇರುತ್ತದೆ. ನಾಚಿಕೆಯಿಂದ ಒಂದು ದಿನ ಸುಮ್ನೆ ಕೂತರೂ ಆ ಅವಕಾಶ ಕೈತಪ್ಪಬಹುದು.