ಬೀಗರೂಟದಲ್ಲಿ ಚೀನಾ ಡ್ಯಾಮು

ಭಾನುವಾರ ಹಾಸನದಲ್ಲಿ ಬೀಗರೂಟ. ಎರಡನೇ ಪಂಕ್ತಿ, ಪಕ್ಕದಲ್ಲಿ ನಮ್ಮ ಚಿಕ್ಕಪ್ಪ. ಎಲೆಗೆ ಇನ್ನೂ ಮುದ್ದೆ ಬಿದ್ದಿಲ್ಲ, ಆಗಲೇ ಮೊಬೈಲ್ ತಂದು ನನ್ನ ಮೂಗಿಗೆ ಹಿಡಿದರು.

"ನೋಡವ್ವ, ಚೀನಾದವ್ನು ಟಿಬೆಟ್‌ನಲ್ಲಿ ಬ್ರಹ್ಮಪುತ್ರಕ್ಕೆ ಡ್ಯಾಮ್ ಕಟ್ತಾವ್ನೆ, ವಾಟರ್ ಬಾಂಬ್ ಅದು. ಗೇಟ್ ಎತ್ತಿದ್ರೆ ಸಾಕು, ಅಸ್ಸಾಂ ಮುಳುಗೋಯ್ತದೆ."

ಇಡೀ ಸಾಲು ತಲೆ ಆಡಿಸಿತು. ಮೇಲಿರೋನು ಕೆಳಗಿನವರನ್ನ ಒಂದು ಮಾತು ಕೇಳದೆ ನದಿಗೆ ಕೈ ಹಾಕೋದು ಅನ್ಯಾಯ ಅಂತ ಎದುರಿನವರೊಬ್ಬರು ನಲ್ಲಿಮೂಳೆ ಚೀಪುತ್ತಲೇ ತೀರ್ಪು ಕೊಟ್ಟರು.

ನಾನು ಸುಮ್ನೆ ಊಟ ಮಾಡಬೇಕಿತ್ತು. ನಿಮಗೆ ಗೊತ್ತಲ್ಲ ನನ್ನ ಬಾಯಿ. "ನಮ್ಮ ಗೊರೂರು ಡ್ಯಾಮ್ ಕಟ್ಟೋವಾಗ ನಾವು ಯಾರನ್ನ ಕೇಳಿದ್ವಿ?" ಅಂದೆ.

"ಅದು ಬೇರೆ, ಇದು ಬೇರೆ."

ಬೇರೆ ಹೇಗೆ? ಹೇಮಾವತಿ (ಅದೇ ನಮ್ಮ ಗೊರೂರು ಡ್ಯಾಮ್), ಹಾರಂಗಿ, ಕಬಿನಿ ಮೂರಕ್ಕೂ ತಮಿಳುನಾಡು ತಕರಾರು ಎತ್ತಿತ್ತು. ಕೇಂದ್ರದ ಒಪ್ಪಿಗೆ ಸಿಗಲಿಲ್ಲ. ನಮ್ಮದೇ ದುಡ್ಡಲ್ಲಿ ಕಟ್ಟಿದೆವು. ಗೊರೂರಿನಲ್ಲಿ 37 ಟಿಎಂಸಿ ನಿಲ್ಲುತ್ತೆ. ಅದನ್ನ ಇವತ್ತಿಗೂ ಗಂಡೆದೆ ಅಂತೀವಿ. ಕಟ್ಟಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಆ ನೀರು ಕುಡಿದೇ ಬೆಳೆದವಳು ನಾನೂ. ಎತ್ತಿನಹೊಳೆಗೂ ಇದೇ ಕತೆ. ನೇತ್ರಾವತಿ ಬತ್ತುತ್ತೆ ಅಂತ ದಕ್ಷಿಣ ಕನ್ನಡದವರು ಕೂಗಿದಾಗ, ಸಮುದ್ರಕ್ಕೆ ಹೋಗೋ ನೀರು ತಾನೇ ಅಂತ ನಕ್ಕೆವು. ಚೀನಾದವರು ಕೇಳಿಸಿಕೊಂಡಿದ್ದರೆ ಬರ್ಕೊಂಡಿರೋರು.

ಚೀನಾ ವಿಷಯದಲ್ಲಿ ಭಯಪಡೋದೇ ತಪ್ಪು ಅಂತಲ್ಲ. 2025ರ ಜುಲೈನಲ್ಲಿ ಕೆಲಸ ಶುರು ಮಾಡಿದ್ದಾರೆ, 60,000 ಮೆಗಾವ್ಯಾಟ್. ನಮ್ಮ ಶರಾವತಿಯದು 1,035. ನಮಗೂ ತಮಿಳುನಾಡಿಗೂ ಕೋರ್ಟ್ ಇದೆ, ಟ್ರಿಬ್ಯೂನಲ್ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ವರ್ಷಕ್ಕೆ 177.25 ಟಿಎಂಸಿ ಕಾವೇರಿ ನೀರು ಬಿಡಿ ಅಂದಾಗ, ಬೈಕೊಂಡಾದರೂ ಒಪ್ಪಿದೆವು. ಚೀನಾಕ್ಕೆ ಹಾಗೆ ಹೇಳೋರು ಯಾರೂ ಇಲ್ಲ. 2017ರಲ್ಲಿ ಡೋಕ್ಲಾಂ ಗಡಿ ಜಗಳ ಆದಾಗ ಬ್ರಹ್ಮಪುತ್ರದ ನೀರಿನ ಲೆಕ್ಕವನ್ನೇ ಅವರು ಕೊಡಲಿಲ್ಲ. ಇಷ್ಟು ನಿಜ. ಆದರೆ ಈ ನಿಜ ಹೇಳೋಕೆ ನಮ್ಮ ಚಿಕ್ಕಪ್ಪನಿಗೆ ಯಾವ ಯೋಗ್ಯತೆ ಇದೆ, ಅಷ್ಟೇ ನನ್ನ ಪ್ರಶ್ನೆ.

ನನಗೂ ಇಲ್ಲ ಬಿಡಿ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಜೊತೆಗಿನ ಸಿಂಧೂ ನೀರಿನ ಒಪ್ಪಂದವನ್ನ ನಮ್ಮವರು ತಡೆಹಿಡಿದಾಗ "ಒಂದು ಹನಿ ಬಿಡಬೇಡಿ" ಅಂತ ಸ್ಟೇಟಸ್ ಹಾಕಿದ್ದೆ. ಚೆನಾಬ್ ನದಿಯ ಸಲಾಲ್, ಬಗ್ಲಿಹಾರ್ ಡ್ಯಾಮ್‌ಗಳಲ್ಲಿ ಅಷ್ಟು ನೀರು ಹಿಡಿದಿಡೋಕೆ ಜಾಗವೇ ಇಲ್ಲ ಅಂತ ಆಮೇಲೆ ಗೊತ್ತಾಯ್ತು. ಸ್ಟೇಟಸ್ ಅಳಿಸಲಿಲ್ಲ, ಲೈಕ್ ಚೆನ್ನಾಗಿ ಬಂದಿತ್ತು. ಅವತ್ತು ಮೇಲಿದ್ದವರು ನಾವು, ಅಲ್ವಾ?

ಈಗ ಚೀನಾಕ್ಕೆ ಉತ್ತರ ಅಂತ ಅರುಣಾಚಲದ ಸಿಯಾಂಗ್ (ಬ್ರಹ್ಮಪುತ್ರಕ್ಕೆ ಅಲ್ಲಿ ಅದೇ ಹೆಸರು) ಮೇಲೆ 11,000 ಮೆಗಾವ್ಯಾಟ್‌ಗೂ ಜಾಸ್ತಿಯ ಡ್ಯಾಮ್ ಕಟ್ಟೋಣ ಅಂತಿದ್ದಾರೆ. ಮೇಲಿಂದ ನೀರು ನುಗ್ಗಿದರೆ ತಡೆಯೋಕಂತೆ. ಸರ್ವೆಗೆ ಬಂದಾಗ ಅಲ್ಲಿಯ ಆದಿ ಬುಡಕಟ್ಟಿನ ಜನ ಅಡ್ಡ ನಿಂತರು. ನಮ್ಮ ಊರು, ಗದ್ದೆ ಮುಳುಗಿಸಬೇಡಿ ಅಂತ. ದೇಶ ಮುಖ್ಯನೋ ಗದ್ದೆ ಮುಖ್ಯನೋ ಅಂತ ಚಿಕ್ಕಪ್ಪ ಅವರನ್ನೂ ಬೈದರು.

ನನಗೆ ಪಿತ್ತ ನೆತ್ತಿಗೇರಿದ್ದು ಆಗಲೇ. ಯಾಕಂದ್ರೆ ನಮ್ಮ ಚಿಕ್ಕಪ್ಪ ಮುಳುಗಡೆ ಊರಿನವರು. ಹತ್ತು ವರ್ಷದ ಹುಡುಗ ಆಗಿದ್ದಾಗ, ಹೇಮಾವತಿ ನೀರು ಮನೆ ಹಿತ್ತಿಲಿಗೆ ಬಂತು. ಎತ್ತಿನ ಗಾಡಿ ಮೇಲೆ ಪಾತ್ರೆ, ಹಾಸಿಗೆ, ಕೋಳಿ, ಅದರ ಮೇಲೆ ಇವರು. ನೆಲಕ್ಕೆ ನೆಟ್ಟಿದ್ದ ಒರಳುಕಲ್ಲನ್ನ ಕೀಳೋಕಾಗದೆ ಅಜ್ಜಿ ಅಲ್ಲೇ ಬಿಟ್ಟು ಬಂದರು. ಪರಿಹಾರದ ಫೈಲ್ ಹಿಡ್ಕೊಂಡು ಕಚೇರಿಯಿಂದ ಕಚೇರಿಗೆ ತಾತ ಅಲೆದಿದ್ದನ್ನ ಅವರೇ ಎಷ್ಟೋ ಸಲ ಹೇಳಿದ್ದಾರೆ. ಆಗ ಯಾರಾದ್ರೂ ತಾತನಿಗೆ ಜಿಲ್ಲೆ ಮುಖ್ಯನೋ ಗದ್ದೆ ಮುಖ್ಯನೋ ಅಂದಿದ್ದರೆ?

ಇದನ್ನ ಹಾಗೇ ಕೇಳಿಬಿಟ್ಟೆ. ಪಂಕ್ತಿಯಲ್ಲಿ, ಎಲ್ಲರೆದುರು. ಚಿಕ್ಕಪ್ಪ ಮೊಬೈಲ್ ಜೇಬಿಗೆ ಹಾಕ್ಕೊಂಡರು. ಮುದ್ದೆ ಮುರಿದು ಸಾರಿಗೆ ಅದ್ದಿದರು, ಬಾಯಿಗಿಡಲಿಲ್ಲ.

ಕೈ ತೊಳೆಯೋವಾಗ ನಾನೇ ಹೋಗಿ ಮಾತಾಡಿಸಿದೆ. ಬೇಸಿಗೇಲಿ ನೀರು ಇಳಿದಾಗ ಒರಳು ಕಾಣುತ್ತಂತೆ, ಒಂದ್ಸಲ ಹೋಗಿ ಬರೋಣ್ವಾ ಚಿಕ್ಕಪ್ಪ ಅಂದೆ.

"ಬಿಸ್ಲು ಜಾಸ್ತಿ ಕಣವ್ವ ಅಲ್ಲಿ. ಒಂದು ಮರಾನೂ ಉಳ್ದಿಲ್ಲ" ಅಂದರು.

ಮರ ಉಳಿದಿಲ್ಲ ಅಂತ ಅವರಿಗೆ ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ.